ಕಂಪ್ಯೂಟರಿನ ಹಣೆ ಯಾವುದು?

ಹೆಣ್ಣು ನೋಡಲು ಹೋದ ದಿನ ಗಂಡು ತನ್ನ ಬಗ್ಗೆ ಒಂದಾದರೂ ಹೆಚ್ಚಿನ ಮಾತು ಆಡಿಯೇ ಆಡುತ್ತಾನೆ. ಅವನು ಆಡದಿದ್ದರೆ ಅವನ ಪರವಾಗಿ ಸೋದರಮಾವ ಆಡುತ್ತಾನೆ. ನನ್ನ ಸ್ನೇಹಿತರೊಬ್ಬರು ತಮಗೆ ಈಜು ಬರುತ್ತದೆ ಎಂದು ಹೇಳಿ ಮದುವೆಯಾದರು. ಮಾವನ ತೋಟದಲ್ಲಿ ತುಂಬಿದ ಬಾವಿ ಇತ್ತು. ಪಾಪ, ಎಷ್ಟೋ ವರ್ಷ ಯುಗಾದಿಯ ಬಿರುಬಿಸಿಲಿನಲ್ಲೂ ಶೀತವೆಂದು ಮಫ್ಲರ್ ಸುತ್ತಿಕೊಂಡೇ ಅತ್ತೆಮನೆಗೆ ಹೋಗುತ್ತಿದ್ದರು. ಇನ್ನೊಬ್ಬರು ತಾವು ಕಾಫಿ ಮುಟ್ಟುವುದಿಲ್ಲ ಎಂದಿದ್ದ ತಪ್ಪಿಗೆ ಇವತ್ತಿಗೂ ಅತ್ತೆಮನೆಯಲ್ಲಿ ಹಾಲು ಕುಡಿದು, ಬಸ್‌ಸ್ಟ್ಯಾಂಡಿಗೆ ಓಡಿಬಂದು ಕಾಫಿ ಕುಡಿಯುತ್ತಾರೆ. ನಾನು ಇಂಥ ಚಿಲ್ಲರೆ ಸುಳ್ಳುಗಳ ತಂಟೆಗೆ ಹೋಗಲಿಲ್ಲ. ನನಗೆ ಕಂಪ್ಯೂಟರ್ ಬರುತ್ತದೆ ಎಂದುಬಿಟ್ಟೆ. ಆ ಒಂದು ಮಾತಿನ ಮೇಲೆ ನನ್ನ ಸಂಸಾರ ಮೂವತ್ತನಾಲ್ಕು ವರ್ಷದಿಂದ ನಿಂತಿದೆ.

ಪೂರ್ತಿ ಸುಳ್ಳೇನೂ ಅಲ್ಲ. ಆಗ ನಾನು ದೇವನಹಳ್ಳಿಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದೆ. ದುಬೈನಿಂದ ಬಂದ ನೆಂಟರೊಬ್ಬರು ತಮಗೆ ಬೇಡವಾದ ಒಂದು ಕಂಪ್ಯೂಟರನ್ನು ನನ್ನ ತಲೆಗೆ ಕಟ್ಟಿದ್ದರು. ಅದರ ಆಕಾರ ಹೇಳಿದರೆ ಈಗಿನವರು ನಗುತ್ತಾರೆ. ಒಂದು ದಪ್ಪನೆಯ ಕೀಬೋರ್ಡು, ಅಷ್ಟೇ. ಕಂಪ್ಯೂಟರೆಲ್ಲ ಅದರ ಹೊಟ್ಟೆಯೊಳಗೆ. ಅದಕ್ಕೆ ಸ್ವಂತ ಪರದೆ ಇಲ್ಲ. ಬೆನ್ನಿನ ತೂತಿನಿಂದ ಒಂದು ವೈರು ಎಳೆದು ಮನೆಯ ಟೀವಿಗೆ, ಆಂಟೆನಾ ಸಿಕ್ಕಿಸುವ ಕಡೆ ಸಿಕ್ಕಿಸಿ, ತಿರುಪು ತಿರುಗಿಸಿ ಚಿತ್ರ ಹಿಡಿಯಬೇಕು. ಜ್ಞಾಪಕಶಕ್ತಿಯೂ ಇಲ್ಲ. ನಾವು ಬರೆದದ್ದನ್ನು ಟೇಪ್ ರೆಕಾರ್ಡರಿನಿಂದ ಹಾಡಿನ ಕ್ಯಾಸೆಟ್ಟಿಗೆ ತುಂಬಿಟ್ಟು, ಬೇಕಾದಾಗ ಅದೇ ಕ್ಯಾಸೆಟ್ಟನ್ನು ಅದಕ್ಕೆ ಕೇಳಿಸಬೇಕು. ನನ್ನ ಸಮಸ್ತ ವಿದ್ಯೆ ಎರಡು ಸಾಲು. ಮೊದಲ ಸಾಲು: ಈ ಹೆಸರು ಬರೆ. ಎರಡನೇ ಸಾಲು: ಮತ್ತೆ ಮೊದಲ ಸಾಲಿಗೆ ಹೋಗು. ಅಷ್ಟು ಹೇಳಿದರೆ ಅದು ಕರೆಂಟು ಹೋಗುವವರೆಗೂ ಅದೇ ಹೆಸರನ್ನು ಪರದೆ ತುಂಬ ಬರೆಯುತ್ತಲೇ ಇರುತ್ತಿತ್ತು. ಎರಡೇ ಸಾಲಾದರೂ ಮರೆತುಹೋದೀತೆಂಬ ಭಯಕ್ಕೆ ಅದನ್ನೂ ಕ್ಯಾಸೆಟ್ಟಿನಲ್ಲಿ ತುಂಬಿಟ್ಟುಕೊಂಡಿದ್ದೆ.

ಈ ಯಂತ್ರವನ್ನು ಬಗಲಿಗೆ ಹಾಕಿಕೊಂಡೇ ನಾನು ಹೆಣ್ಣು ನೋಡಲು ಹೋಗುತ್ತಿದ್ದೆ. ಮೊದಲು ನೋಡಿದ್ದು ನೆಲಮಂಗಲದ ಕಡೆ. ಅಲ್ಲಿ ಚಿತ್ರ ಕನ್ನಡಿಯ ಹಾಗೆ ಬಂತು, ಸಂಬಂಧ ಬರಲಿಲ್ಲ. ‘ಹೆಸರು ಬರೆಯೋಕೆ ಇಷ್ಟು ದೊಡ್ಡ ಸಾಮಾನು ಯಾಕೆ, ಪೆನ್ಸಿಲ್ ಸಾಲ್ದಾ?’ ಎಂದು ಹುಡುಗಿಯ ಅಜ್ಜ ಕೇಳಿದರು. ನಾನು ವೈರು ಸುತ್ತಿಕೊಂಡು ಬಂದೆ. ಎರಡನೆಯದು ಸೂಲಿಬೆಲೆ. ಹೊರಡುವಾಗ ನಮ್ಮಮ್ಮ, ಯಂತ್ರಕ್ಕೆ ನೆಲಮಂಗಲದವರ ಕಣ್ಣು ತಾಗಿದೆ, ಶುಭಕಾರ್ಯಕ್ಕೆ ಹೊರಟ ವಸ್ತುವಿಗೆ ಕುಂಕುಮ ಇಡದೆ ಕಳಿಸಲಾರೆ ಎಂದು ಬಾಗಿಲಲ್ಲೇ ನಿಲ್ಲಿಸಿದಳು. ಕುಂಕುಮ ಹಣೆಗಿಡಬೇಕು. ಕಂಪ್ಯೂಟರಿನ ಹಣೆ ಯಾವುದು? ಅಮ್ಮ ಬೆರಳಲ್ಲಿ ಕುಂಕುಮ ಹಿಡಿದು ನನ್ನ ಮುಖ ನೋಡಿದಳು. ಕೀಲಿಗಳನ್ನು ಮುಟ್ಟಲು ನಾನು ಯಾರಿಗೂ ಬಿಡುತ್ತಿರಲಿಲ್ಲ. ಬಸ್ಸಿಗೆ ಬೇರೆ ಹೊತ್ತಾಗಿತ್ತು. ಹಿಂದುಗಡೆ ತಿರುಗಿಸಿ, ಇದ್ದವುಗಳಲ್ಲಿ ದುಂಡಗಿದ್ದ ಒಂದು ಜಾಗ ತೋರಿಸಿ ‘ಇಲ್ಲಿ ಇಡಮ್ಮ’ ಎಂದೆ.

ಸೂಲಿಬೆಲೆಯ ಆ ಮನೆಯಲ್ಲಿ ಮರದ ಬಾಗಿಲಿದ್ದ ಒಂದು ಕಪ್ಪು ಬಿಳುಪು ಟೀವಿ ಇತ್ತು. ಉಪ್ಪಿಟ್ಟು ಕೇಸರಿಬಾತು ಆದ ಮೇಲೆ ನಾನು ವೈರು ಸಿಕ್ಕಿಸಿ, ಕ್ಯಾಸೆಟ್ ಹಾಕಿ, ‘ಈಗ ನಿಮ್ಮ ಹುಡುಗಿ ಹೆಸರು ಪರದೆ ಮೇಲೆ ಬರುತ್ತೆ ನೋಡಿ’ ಎಂದು ಘೋಷಿಸಿದೆ. ಪರದೆಯ ಮೇಲೆ ಬಂದದ್ದು ಬರೀ ಚುಕ್ಕೆ. ಹತ್ತು ಜನ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ಹುಡುಗಿಯ ಅಣ್ಣ ಮುನಿಶಾಮಪ್ಪ, ಹಸು ಕಟ್ಟಿ ಹಾಲು ಹಾಕುವ ಗಟ್ಟಿ ಆಸಾಮಿ, ಎದ್ದು ನಿಂತು ‘ಇದ್ರಾಗೆ ಹೆಸ್ರೆಲ್ಲೈತೆ? ರಾಗಿ ಹಿಟ್ಟು ಜರಡಿ ಹಿಡ್ದಂಗೈತೆ’ ಎಂದ. ನಾನು ತಿರುಪನ್ನು ಎರಡೂ ಕಡೆ ತಿರುಗಿಸಿ ನೋಡಿದೆ. ಆಗ ಅಡುಗೆಮನೆಯ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದ ಹುಡುಗಿ, ಅಂದರೆ ಗಿರಿಜ, ಸಣ್ಣ ದನಿಯಲ್ಲಿ ‘ಅಕ್ಷರ ಕಾಣ್ತಿದೆಯಲ್ಲಣ್ಣ’ ಎಂದಳು. ಅಲ್ಲಿಗೆ ಮಾತು ಮುಗಿಯಿತು. ಹುಡುಗಿಗೇ ಕಂಡ ಮೇಲೆ ಉಳಿದವರಿಗೆ ಕಂಡರೆಷ್ಟು ಬಿಟ್ಟರೆಷ್ಟು ಎಂದು ಹಿರಿಯರು ತಾಂಬೂಲ ಬದಲಾಯಿಸಿಕೊಂಡರು.

ಅವತ್ತಿನಿಂದ ಸೂಲಿಬೆಲೆಯಲ್ಲಿ ನಾನು ‘ಕಂಪ್ಯೂಟ್ರು ಅಳಿಯಂದ್ರು’. ಆ ಬಿರುದಿನ ಸುಖ ಏನೆಂದು ಅನುಭವಿಸಿದವರಿಗೇ ಗೊತ್ತು. ಮದುವೆ ಮನೆಯಲ್ಲಿ ಎಲೆ ಮುಂದೆ ಮೊದಲ ಜಾಗ ನನಗೆ. ಯಾರದೋ ಮೋಟರ್ ಕೆಟ್ಟರೂ, ಯಾರದೋ ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೂ ‘ಅಳಿಯಂದ್ರನ್ನ ಕೇಳಿ’ ಎನ್ನುತ್ತಿದ್ದರು. ನಾನು ಗಲ್ಲ ಕೆರೆದುಕೊಂಡು ‘ನೋಡೋಣ’ ಎಂದರೆ ಅದೇ ಒಂದು ಗೌರವ. ಮುನಿಶಾಮಪ್ಪ ಒಬ್ಬ ಮಾತ್ರ ಬಗ್ಗಲಿಲ್ಲ. ಅವನ ಪ್ರಕಾರ ಅವತ್ತು ಪರದೆಯಲ್ಲಿ ಏನೂ ಇರಲಿಲ್ಲ, ಅವನ ತಂಗಿ ಹುಟ್ಟಿದಂದಿನಿಂದ ಆಡಿದ ಒಂದೇ ಸುಳ್ಳು ಅದು, ಅದನ್ನು ಆಡಿಸಿದವನು ನಾನು.

ಯಂತ್ರ ಅಟ್ಟ ಸೇರಿತು. ವರ್ಷಕ್ಕೊಮ್ಮೆ, ಆಯುಧಪೂಜೆಗೆ ಮಾತ್ರ ಕೆಳಗಿಳಿಯುತ್ತಿತ್ತು. ಅಮ್ಮ ಇರುವವರೆಗೂ ಅಮ್ಮ ನೆನಪಿಸುತ್ತಿದ್ದಳು. ಅವಳು ಹೋದ ಮೇಲೆ ಗಿರಿಜ ‘ರೀ, ಪದ್ಮಂಗೆ ಕುಂಕುಮ ಇಟ್ರಾ?’ ಎಂದು ಕೇಳುತ್ತಿದ್ದಳು. ಕಂಪ್ಯೂಟರನ್ನು ಅವಳು ಪದ್ಮ ಎಂದೇ ಕರೆಯುವುದು. ಅವಳಿಗೆ ಸಾಮಾನುಗಳಿಗೆ ಹೆಸರಿಡುವ ಚಾಳಿ. ನಮ್ಮ ಗ್ರೈಂಡರು ರಂಗಮ್ಮ, ಸ್ಕೂಟರು ಬಸವ. ಹಾಗಾಗಿ ಪದ್ಮ ಯಾಕೆ ಎಂದು ನಾನು ಕೇಳಲೇ ಇಲ್ಲ.

ಈ ಸಲ ದಸರೆಗೆ ಹತ್ತು ದಿನ ಮುಂಚೆ ಅಟ್ಟ ಗುಡಿಸುವಾಗ ಪದ್ಮ ಕೆಳಗಿಳಿದಳು. ಅದೇ ಹೊತ್ತಿಗೆ ಮುನಿಶಾಮಪ್ಪ ಮಗನ ಹೊಸಮನೆಯ ಗೃಹಪ್ರವೇಶಕ್ಕೆ ಕರೆಯಲು ಬಂದ. ತುಪ್ಪದ ಡಬ್ಬಿ ಕೆಳಗಿಡುವ ಮೊದಲೇ ಅವನ ಕಣ್ಣು ಸೋಫಾದ ಮೇಲೆ ಬಿತ್ತು.

‘ಏನ್ ಭಾವ, ಇದ್ನ ಇನ್ನೂ ಮಡಗಿದ್ದೀರಾ? ಕ್ಯಾಸೆಟ್ಟೂ ಐತಾ?’

ಇದೆ ಎಂದೆ. ಹೇಳಬಾರದಿತ್ತು.

‘ಹಂಗಾದ್ರೆ ಬರೋ ಭಾನ್ವಾರ ತೋರ್ಸಿ. ಅದೇ ಕ್ಯಾಸೆಟ್ಟು, ಹೊಸ್ದಾಗಿ ಹೊಡ್ದಿದ್ದು ಒಪ್ಪಕಿಲ್ಲ. ನಮ್ ಹಳೇ ಟೀವಿನೂ ಅಟ್ಟದ ಮ್ಯಾಲೈತೆ, ಹಾಲಿನ ಗಾಡೀಲಿ ಹಾಕ್ಕೊಂಡು ಬರ್ತೀನಿ. ಅಕ್ಷರ ಕಂಡ್ರೆ ನನ್ ತಪ್ಪಾಯ್ತು ಅಂತೀನಿ. ಕಾಣ್ದೆ ಹೋದ್ರೆ ಗೃಹಪ್ರವೇಶದ ದಿನ ಪಂಕ್ತಿ ಮುಂದೆ ನಿಂತ್ಕೊಂಡು, ನಮ್ ಅಳಿಯಂದ್ರಿಗೆ ಕಂಪ್ಯೂಟ್ರು ಬರಕಿಲ್ಲ ಅಂತ ನಾನೇ ಸಾರ್ತೀನಿ.’

ನಾನು ಗಿರಿಜಳ ಮುಖ ನೋಡಿದೆ. ಅವಳು ತುಪ್ಪದ ವಾಸನೆ ನೋಡುತ್ತಿದ್ದಳು.

ಮನಸ್ಸಿನಲ್ಲಿ ನನಗೆ ಧೈರ್ಯವಿತ್ತು. ಕ್ಯಾಸೆಟ್ಟಿನಲ್ಲಿ ಅವಳ ಹೆಸರು ತುಂಬಿಟ್ಟವನು ನಾನೇ ತಾನೆ? ಚಿತ್ರ ಒಂದು ಸ್ಪಷ್ಟವಾಗಿ ಬಂದರೆ ಸಾಕು. ಮುನಿಶಾಮಪ್ಪ ಹೋದ ಕೂಡಲೇ ಗೋಡೆಯ ಮೇಲಿನ ಹೊಸ ಟೀವಿಗೆ ವೈರು ಸಿಕ್ಕಿಸಿದೆ. ಬಂತು, ಅದೇ ಜರಡಿ ಹಿಡಿದ ರಾಗಿ ಹಿಟ್ಟು, ಈ ಸಲ ಬಣ್ಣದಲ್ಲಿ. ಚುಕ್ಕೆಗಳ ಹಿಂದೆ ಏನೋ ಇದೆ ಎಂದು ಅನ್ನಿಸುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಮೊದಲು ಟೀವಿಯನ್ನು ಬೈದೆ. ಆಮೇಲೆ ಗಿರಿಜಳ ಮಿಕ್ಸಿಯನ್ನು ಅನುಮಾನಿಸಿ ಒಂದು ದಿನ ಚಟ್ನಿ ನಿಲ್ಲಿಸಿದೆ. ಪಕ್ಕದ ಮನೆಯ ಬೋರ್‌ವೆಲ್, ಎದುರುಮನೆಯ ವೆಲ್ಡಿಂಗ್, ನಮ್ಮ ಮನೆಯ ವಾಸ್ತು, ಎಲ್ಲದರ ಮೇಲೂ ಒಂದೊಂದು ಸಲ ಗೂಬೆ ಕೂರಿಸಿದ್ದಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲ ಬಿಟ್ಟು ಆಕಾಶಕ್ಕೆ ಹೋದೆ.

ಅಂದರೆ ವಿಮಾನ. ದೇವನಹಳ್ಳಿಯಲ್ಲಿ ಏನು ಕೆಟ್ಟರೂ ವಿಮಾನದ ಮೇಲೆ ಹಾಕಬಹುದು, ಅದೊಂದು ಅನುಕೂಲ ನಮಗಿದೆ. ಹಸು ಹಾಲು ಕಮ್ಮಿ ಮಾಡಿದರೂ ವಿಮಾನ, ಮಗು ರಚ್ಚೆ ಹಿಡಿದರೂ ವಿಮಾನ. ತಲೆ ಮೇಲೆ ವಿಮಾನ ಹೋದಾಗಲೆಲ್ಲ ಚುಕ್ಕೆಗಳು ಹೆಚ್ಚು ಕುಣಿದಂತೆ ನನಗೆ ಕಂಡಿತು. ಒಂದು ಬೆಳಿಗ್ಗೆಯೆಲ್ಲ ಮಹಡಿಯ ಮೇಲೆ ಗಿರಿಜಳನ್ನು ನಿಲ್ಲಿಸಿ, ವಿಮಾನ ಬಂದಾಗ ‘ಬಂತು’, ಹೋದಾಗ ‘ಹೋಯ್ತು’ ಎಂದು ಕೂಗಲು ಹೇಳಿದೆ. ನಾನು ಕೆಳಗೆ ‘ಬಂತು’ ‘ಹೋಯ್ತು’ಗಳ ನಡುವೆ ರಿಮೋಟ್ ಒತ್ತಿ ಚಾನೆಲ್ ಹುಡುಕಿದೆ. ಬೀದಿಯವರು ಬಂದು ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸಿದರು. ‘ನಂಗೂ ಅದೇ ಅನುಮಾನ’ ಎಂದು ಗಿರಿಜ ಮೇಲಿನಿಂದಲೇ ಉತ್ತರ ಕೊಟ್ಟಳು.

ಕೊನೆಗೆ ನಲ್ಲೂರು ನೆನಪಾಯಿತು. ಅಲ್ಲಿಯ ಹುಣಸೆ ತೋಪಿನ ಮರಗಳು ಎಷ್ಟು ಹಳೆಯವೆಂದರೆ ಅವುಗಳ ವಯಸ್ಸಿನ ಬಗ್ಗೆ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಂಥ ದಪ್ಪ ಬುಡ, ಅಂಥ ಕೊಂಬೆ. ವಿಮಾನದ ಅಲೆ ಅವುಗಳನ್ನು ದಾಟಿ ಬರುವುದು ಸುಳ್ಳು ಎಂದು ನನ್ನ ವಿಜ್ಞಾನ ಹೇಳಿತು. ಬಸವನ ಮೇಲೆ ಪದ್ಮಳನ್ನು ಕಟ್ಟಿಕೊಂಡು ತೋಪಿನ ಹತ್ತಿರ ಮನೆಯಿರುವ ಹಳೆಯ ಸಹೋದ್ಯೋಗಿಯೊಬ್ಬರಲ್ಲಿಗೆ ಹೋದೆ. ಅವರ ಟೀವಿಯಲ್ಲೂ ಚುಕ್ಕೆ. ಅವರು ನನ್ನ ಪ್ರಯೋಗವನ್ನು ಮುಕ್ಕಾಲು ಗಂಟೆ ತಾಳ್ಮೆಯಿಂದ ನೋಡಿ, ಇವನನ್ನು ಸಮಾಧಾನ ಮಾಡಿ ಕಳಿಸಬೇಕೆಂದು ಎರಡು ಕೇಜಿ ಹುಣಸೆಹಣ್ಣು ಕಟ್ಟಿಕೊಟ್ಟರು. ‘ಚಿತ್ರ ಬಂತಾ?’ ಎಂದು ಗಿರಿಜ ಕೇಳಿದಳು. ಹುಣಸೆಹಣ್ಣಿನ ಚೀಲ ಮುಂದಿಟ್ಟೆ. ‘ಇಷ್ಟಾದ್ರೂ ಬಂತಲ್ಲ’ ಎಂದು ಒಳಗೆ ತೆಗೆದುಕೊಂಡು ಹೋದಳು.

ಭಾನುವಾರ ಬಂದೇಬಿಟ್ಟಿತು. ನಾನು ಬೆಳಿಗ್ಗೆಯೇ ಖಲೀಲ್ ಸಾಹೇಬರನ್ನು ಹುಡುಕಿಕೊಂಡು ಹೋಗಿ ಕರೆತಂದೆ. ಒಂದು ಕಾಲಕ್ಕೆ ಅವರು ಊರಿಗೆಲ್ಲ ಟೀವಿ ರಿಪೇರಿ ಮಾಡಿದವರು. ಈಗ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಕವರ್ ಮಾರುತ್ತಾರೆ. ಮೂವತ್ತು ವರ್ಷದ ವಿದ್ಯೆಯೆಲ್ಲ ಕವರಿನೊಳಗೆ ಹೋಯಿತು ಎಂದು ಅವರ ಕೊರಗು. ಹಳೆಯ ಯಂತ್ರ ಎಂದ ಕೂಡಲೇ ಅಂಗಡಿ ಮುಚ್ಚಿ ಟೂಲ್ ಡಬ್ಬಿ ಹಿಡಿದು ಬಂದರು. ಹನ್ನೊಂದು ಗಂಟೆಗೆ ಮುನಿಶಾಮಪ್ಪ ಮರದ ಬಾಗಿಲಿನ ಅದೇ ಟೀವಿಯನ್ನು, ಹಾಲಿನ ಕ್ಯಾನುಗಳ ನಡುವೆ ಹಗ್ಗ ಹಾಕಿ ಕಟ್ಟಿಕೊಂಡು ಬಂದಿಳಿದ. ತಿರುಪಿನ ಪ್ಲಾಸ್ಟಿಕ್ ಕಳಚಿಹೋಗಿ ಇಕ್ಕಳದಲ್ಲಿ ತಿರುಗಿಸಬೇಕಾಗಿತ್ತು. ಆದರೂ ಸ್ವಿಚ್ ಹಾಕಿದ ಎರಡು ನಿಮಿಷಕ್ಕೆ ಗುಂಯ್ ಎಂದು ಬೆಳಗಿತು. ವೈರು ಸಿಕ್ಕಿಸಿದೆವು. ರಾಗಿ ಹಿಟ್ಟು!

‘ಗೃಹಪ್ರವೇಶಕ್ಕೆ ಬೇಗ ಬಂದ್ಬಿಡಿ ಭಾವ,’ ಎಂದ ಮುನಿಶಾಮಪ್ಪ, ಕಾಲ ಮೇಲೆ ಕಾಲು ಹಾಕಿಕೊಂಡು.

ಖಲೀಲ್ ಸಾಹೇಬರು ಟೀವಿ ನೋಡಲಿಲ್ಲ, ವೈರು ನೋಡಲಿಲ್ಲ. ಕಂಪ್ಯೂಟರನ್ನು ಬೋರಲು ಹಾಕಿ, ಕನ್ನಡಕ ಹಣೆಗೇರಿಸಿ, ಬೆನ್ನಿನ ದುಂಡನೆಯ ತೂತಿಗೆ ಟಾರ್ಚ್ ಬಿಟ್ಟರು. ಆಮೇಲೆ ಒಂದು ಪಿನ್ನು ಕೇಳಿದರು. ಗಿರಿಜ ಸೀರೆಯ ಪಿನ್ನು ಕೊಟ್ಟಳು. ಸಾಹೇಬರು ಮೆಲ್ಲಗೆ ಕೆರೆದರು. ಕೆಳಗೆ ಹಾಸಿದ್ದ ಪೇಪರಿನ ಮೇಲೆ ಕೆಂಪು ಪುಡಿ ಉದುರಿತು. ಅದರ ಕೆಳಗೆ ಹಳದಿ. ಅದರ ಕೆಳಗೆ ವಿಭೂತಿ, ಮತ್ತೆ ಕೆಂಪು, ಮತ್ತೆ ಹಳದಿ. ಗಂಧ ಒಣಗಿ ಹೆಂಟೆಯಾಗಿತ್ತು. ಎಲ್ಲಕ್ಕಿಂತ ಕೊನೆಗೆ ಒಂದು ಅಕ್ಷತೆ ಕಾಳು ಟಪ್ಪನೆ ಬಿತ್ತು. ನಮ್ಮ ಅಷ್ಟೂ ಆಯುಧಪೂಜೆಗಳು ಆ ಪೇಪರಿನ ಮೇಲೆ ಸಾಲಾಗಿ ಬಿದ್ದಿದ್ದವು.

‘ಸಾರ್, ಚಿತ್ರ ಹೊರಗೆ ಬರೋದೇ ಈ ತೂತಿಂದ,’ ಎಂದರು ಸಾಹೇಬರು. ‘ಇದ್ರೊಳಗೆ ಪೂಜೆ ಮಾಡಿದ್ದು ಯಾರು?’

ನಾನು ಅಭ್ಯಾಸಬಲದಿಂದ ಗಿರಿಜಳ ಕಡೆ ನೋಡಿದೆ.

‘ನನ್ನ ಯಾಕ್ ನೋಡ್ತೀರಿ? ನೀವು ಅದನ್ನ ನಂಗೆ ಮುಟ್ಟೋಕಾದ್ರೂ ಬಿಟ್ಟಿದ್ರಾ? ವರ್ಷ ವರ್ಷ ಸ್ನಾನ ಮಾಡಿ, ಮಡಿ ಉಟ್ಕೊಂಡು, ಹಣೆ ಇಲ್ಲಿದೆ ಅಂತ ನೀವೇ ಇಟ್ಟಿದ್ದು.’

ಮಾಡಿದ್ದುಣ್ಣೋ ಮಹರಾಯ. ಒಂದು ವಾರ ಆಕಾಶದ ವಿಮಾನವನ್ನೆಲ್ಲ ಬೈದವನು ನಾನು. ಸೂಲಿಬೆಲೆಯಲ್ಲಿ ಅವತ್ತು ಚಿತ್ರ ಕೆಟ್ಟದ್ದಕ್ಕೂ ನಾನು ಬಾಗಿಲಲ್ಲಿ ಅಮ್ಮನಿಗೆ ತೋರಿಸಿದ ಈ ಹಣೆಯೇ ಕಾರಣ. ಕೆರೆದ ಮೇಲೂ ಲೋಹ ಕಿಲುಬು ಹಿಡಿದು ಕಪ್ಪಗಿತ್ತು. ಗಿರಿಜ ಬಗ್ಗಿ ನೋಡಿ, ‘ಹಿತ್ತಾಳೆ ಅಲ್ವಾ? ದೇವರ ಪಾತ್ರೆ ಇದ್ದಂಗೆ,’ ಎಂದವಳೇ ಒಳಗೆ ಹೋಗಿ ನಲ್ಲೂರಿನ ಹುಣಸೆಹಣ್ಣು ನೆನೆಸಿ ತಂದಳು. ಸಾಹೇಬರು ಮೊದಲು ಹೌಹಾರಿದರು. ‘ಅಮ್ಮಾ, ಎಲೆಕ್ಟ್ರಾನಿಕ್ಸ್‌ಗೆ ಹುಣಸೆಹಣ್ಣಾ!’ ಆಮೇಲೆ ಅವರಿಗೂ ಅದು ಸರಿ ಎನ್ನಿಸಿರಬೇಕು. ಹತ್ತಿ ಸುತ್ತಿದ ಕಡ್ಡಿಯ ತುದಿಗೆ ಒಂದಿಷ್ಟೇ ಹುಳಿ ಮುಟ್ಟಿಸಿ, ಒಳಗೆ ಹೋಗದಂತೆ ಅಂಚನ್ನು ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಊದಿ ಒಣಗಿಸಿದರು. ತೂತು ಫಳಫಳ ಹೊಳೆಯಿತು.

ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿದೆ. ಕೀಂ ಕರ್ ಎಂಬ ಕರ್ಕಶ ಸದ್ದು ಮನೆ ತುಂಬಿತು. ಮುನಿಶಾಮಪ್ಪ ಕಾಲು ಕೆಳಗಿಳಿಸಿ ಮುಂದಕ್ಕೆ ಬಗ್ಗಿದ. ಸಾಹೇಬರು ಇಕ್ಕಳದಲ್ಲಿ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು. ಚುಕ್ಕೆಗಳು ಸರಿದವು. ಪರದೆ ತಿಳಿಯಾಯಿತು. ದಪ್ಪ ಇಂಗ್ಲಿಷ್ ಅಕ್ಷರಗಳು ಮೇಲಿಂದ ಕೆಳಗಿನವರೆಗೆ ಮುತ್ತು ಪೋಣಿಸಿದಂತೆ ಬಂದು ನಿಂತವು. ನನ್ನ ಕಣ್ಣಲ್ಲಿ ನೀರೇ ಬಂತು. ಮೂವತ್ತನಾಲ್ಕು ವರ್ಷದ ಮಾನ ಉಳಿಯಿತಲ್ಲ ಎಂದು ಕಣ್ಣೊರೆಸಿಕೊಂಡು ಓದಿದೆ.

ಪದ್ಮ. ಪದ್ಮ. ಪದ್ಮ. ಪದ್ಮ.

ನೆಲಮಂಗಲದ ಹುಡುಗಿಯ ಹೆಸರು ನನಗೆ ನೆನಪಿರಲಿಲ್ಲ ಎಂದರೆ ನೀವು ನಂಬಬೇಕು. ಆ ಕ್ಷಣದಲ್ಲಿ ಅದು ನೆನಪಾಯಿತು. ಕ್ಯಾಸೆಟ್ಟಿನ ಒಂದು ಬದಿಯಲ್ಲಿ ಅವಳ ಹೆಸರು ತುಂಬಿದ್ದೆ, ಇನ್ನೊಂದು ಬದಿಯಲ್ಲಿ ಗಿರಿಜಳ ಹೆಸರು. ಸೂಲಿಬೆಲೆಯಲ್ಲಿ ತಿರುಗಿಸಿ ಹಾಕಬೇಕಿತ್ತು. ಅವತ್ತೂ ಮರೆತೆ, ಇವತ್ತೂ ಮರೆತೆ. ಪರದೆ ತುಂಬಿತು, ಪದ್ಮ ಕೆಳಗಿನಿಂದ ಮತ್ತೆ ಮತ್ತೆ ಹುಟ್ಟಿ ಮೇಲಕ್ಕೆ ಏರತೊಡಗಿದಳು. ಸ್ವಿಚ್ ಆರಿಸಬೇಕೆಂದರೆ ಕೈ ಏಳಲಿಲ್ಲ.

‘ಯಾರು ಭಾವ ಈ ಪದ್ಮ?’ ಎಂದ ಮುನಿಶಾಮಪ್ಪ. ಅವನ ದನಿಯಲ್ಲಿ ಹಳೆಯ ಅಣ್ಣ ಎದ್ದು ಕೂತಿದ್ದ.

ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದ ಗಿರಿಜ, ಒಂದಿಷ್ಟೂ ತಡವರಿಸದೆ, ‘ಅದು ಕಂಪ್ನಿ ಹೆಸರು ಕಣಣ್ಣಾ’ ಎಂದಳು. ‘ಅವತ್ತೂ ಇದೇ ಕಂಡಿದ್ದು ನಂಗೆ. ನೀವೆಲ್ಲ ಮೂಗಿಟ್ಕೊಂಡು ನೋಡಿದ್ರಿ, ಚುಕ್ಕೆ ಕಾಣ್ತು. ನಾನು ದೂರದಿಂದ ನೋಡ್ದೆ, ಅಕ್ಷರ ಕಾಣ್ತು. ಇಲ್ದಿದ್ರೆ ಇಷ್ಟು ವರ್ಷ ಇದನ್ನ ಪದ್ಮ ಅಂತ ಯಾಕೆ ಕರೀತಿದ್ದೆ?’

‘ದೂರದಿಂದ ನೋಡಿದ್ರೆ ಕಾಣುತ್ತೆ, ಅಮ್ಮ ಹೇಳೋದು ಕರೆಕ್ಟು,’ ಎಂದರು ಸಾಹೇಬರು.

‘ನಿನ್ ಹೆಸ್ರು ಯಾವಾಗ ಬರ್ತೈತೆ ಮತ್ತೆ?’

‘ಮೊದಲು ಕಂಪ್ನಿ ಹೆಸರು ಮುಗೀಬೇಕಲ್ಲಣ್ಣ.’

ಮುನಿಶಾಮಪ್ಪ ನ್ಯಾಯವಂತ. ಕಂಪನಿ ಹೆಸರು ಮುಗಿಯಲಿ ಎಂದು ಕಾಯುತ್ತ ಕೂತ. ಕಾಫಿ ಮುಗಿಯಿತು, ಊಟವಾಯಿತು, ಎಲೆಯಡಿಕೆಯಾಯಿತು. ಪದ್ಮ ಏರುತ್ತಲೇ ಇದ್ದಳು. ಸಾಹೇಬರು ಒಂದು ಸಣ್ಣ ನಿದ್ದೆ ತೆಗೆದರು. ನಾನು ಮಾತ್ರ ಕುರ್ಚಿಯ ತುದಿಯಲ್ಲಿ ಕೂತು, ಎರಡನೇ ಸಾಲನ್ನು ಯಾಕಾದರೂ ಕಲಿತೆನೋ ಎಂದು ಶಪಿಸಿಕೊಳ್ಳುತ್ತಿದ್ದೆ. ಮೂರೂವರೆಯಾದಾಗ ಮುನಿಶಾಮಪ್ಪ ಗೋಡೆ ಗಡಿಯಾರ ನೋಡಿ ಎದ್ದ. ಹಾಲು ಕರೆಯುವ ಹೊತ್ತು. ಹಸುಗಳು ಯಾವ ಕಂಪನಿಗೂ ಕಾಯುವುದಿಲ್ಲ.

‘ಎಷ್ಟ್ ದೊಡ್ ಕಂಪ್ನಿನೋ ಏನೋ,’ ಎಂದು ಪರದೆಯನ್ನು ಕೊನೆಯ ಸಲ ನೋಡಿದ. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡ. ‘ಆಗ್ಲಿ ಭಾವ. ಅಕ್ಷರ ಕಾಣ್ತು, ಅಷ್ಟು ಸಾಕು. ನನ್ ತಂಗಿ ಅವತ್ತು ಸುಳ್ಳು ಹೇಳಿರ್ಲಿಲ್ಲ. ತಪ್ಪಾಯ್ತು ನಂದು.’ ನಾನು ಸ್ವಿಚ್ ಆರಿಸಿ, ಅವನ ಟೀವಿಯನ್ನು ಗಾಡಿಗೆ ಏರಿಸಿಕೊಟ್ಟೆ.

ನಾನು ಮೂರು ದಿನ ಒಂದು ಸಮಾಧಾನದಲ್ಲಿದ್ದೆ. ಗಿರಿಜ ಕಂಪನಿ ಹೆಸರೆಂದೇ ತಿಳಿದಿದ್ದಾಳೆ. ಫ್ಯಾನಿಗೂ ಹೊಲಿಗೆ ಯಂತ್ರಕ್ಕೂ ಹೆಂಗಸರ ಹೆಸರಿರುವ ಮೇಲೆ ಕಂಪ್ಯೂಟರಿಗೆ ಯಾಕಿರಬಾರದು? ದೇವರು ದೊಡ್ಡವನು ಎಂದುಕೊಂಡೆ.

ಆಯುಧಪೂಜೆಯ ದಿನ ರಂಗಮ್ಮ, ಬಸವ, ಮಿಕ್ಸಿ, ನನ್ನ ಮೊಬೈಲು ಎಲ್ಲ ಸಾಲಾಗಿ ಕೂತವು, ಕೊನೆಯಲ್ಲಿ ಕಂಪ್ಯೂಟರ್. ನಾನು ಕುಂಕುಮದ ಬಟ್ಟಲಿಗೆ ಕೈ ಹಾಕುವಷ್ಟರಲ್ಲಿ ಗಿರಿಜ ಅದನ್ನು ತೆಗೆದುಕೊಂಡಳು.

‘ಈ ಸಲ ಪದ್ಮಂಗೆ ನಾನು ಇಡ್ತೀನಿ.’

‘ಆ ತೂತಿಗೆ ಬೇಡ ಕಣೆ, ಸಾಹೇಬ್ರು ಈಗ ತಾನೆ ಶುದ್ಧ ಮಾಡಿದ್ದಾರೆ. ಮೇಲುಗಡೆ ಎಲ್ಲಾದ್ರೂ ಇಡು.’

‘ಹಣೆ ಅಲ್ಲಿದೆ ಅಂತ ನೀವೇ ಅಲ್ವಾ ಹೇಳಿದ್ದು?’ ಅವಳು ಕುಂಕುಮಕ್ಕೆ ನಾಲ್ಕು ಹನಿ ನೀರು ಬೆರೆಸಿ, ಉಂಗುರದ ಬೆರಳಿನಿಂದ ಕಲಸಿದಳು. ‘ನಮ್ಮ ಮದುವೆಯಾದ ವಾರಕ್ಕೇ ಅತ್ತೆ ಹೇಳಿದ್ರು, ನೆಲಮಂಗಲದ ಹುಡುಗಿ ಹೆಸರು ಪದ್ಮ ಅಂತ. ಬುದ್ಧಿವಂತೆ, ನಿಮ್ಮನ್ನ ಬೇಡ ಅಂದ್ಲು.’

ನನ್ನ ಕೈಯಲ್ಲಿದ್ದ ಗಂಟೆ ತಾನಾಗಿ ಒಂದು ಸಲ ಕಿಣಿ ಎಂದಿತು.

‘ಅದೇ ಕ್ಯಾಸೆಟ್ಟಿನ ಇನ್ನೊಂದು ಕಡೆ ನಿನ್ನ ಹೆಸರಿದೆ ಗಿರಿಜ,’ ಎಂದೆ. ‘ದೇವರಾಣೆ ಇದೆ. ಬೇಕಾದ್ರೆ ಈಗಲೇ ಹಾಕಿ ತೋರಿಸ್ತೀನಿ.’

‘ಇರ್ಬೋದು, ಬಿಡಿ. ಅವತ್ತು ನಾನು ನನ್ನ ಹೆಸರು ಕಾಣ್ದೇನೇ ನಿಮ್ಮನ್ನ ಒಪ್ಪಿದ್ದು.’ ಬಗ್ಗಿ, ಬೆರಳಿನ ತುದಿಯಿಂದ ತೂತಿನ ತುಂಬ ಕುಂಕುಮ ಒತ್ತಿ, ಅದರ ಮೇಲೆ ಅಕ್ಷತೆ ಕೂರಿಸಿ, ಸರಿಯಾಗಿದೆಯೇ ಎಂದು ಹಿಂದೆ ಸರಿದು ನೋಡಿದಳು. ‘ಪದ್ಮ ಮಸುಕಾಗೇ ಇರ್ಲಿ. ಗಂಟೆ ಬಾರಿಸಿ.’

ಬಾರಿಸಿದೆ.